ಕೃಪೆ ಎಷ್ಟು, ಶಿಸ್ತು ಎಷ್ಟು? ಸಭೆಯಲ್ಲಿ ಇದನ್ನು ಅನುಭವಿಸಿದವರು ಹೇಳಿ

ಹೊಸ ಹಿರಿಯ (ಪ್ರಶ್ನೆ):

ಎಲ್ಲರಿಗೂ ವಂದನೆ. ನನ್ನನ್ನು ನಮ್ಮ ಸಭೆಯ (ಚರ್ಚಿನ) ಹಿರಿಯನಾಗಿ ಆರಿಸಿ ಎಂಟು ತಿಂಗಳಾಯಿತು. ಹೋದ ವಾರ ನಮ್ಮಲ್ಲಿ ಹಾಡು ನಡೆಸುವ ಹುಡುಗ ಬಂದು ನನ್ನೆದುರು ಕೂತು ಅತ್ತ. ಒಂದೂವರೆ ವರ್ಷದಿಂದ ಗುಟ್ಟಾಗಿ ಕುಡಿಯುತ್ತಿದ್ದಾನಂತೆ. ಕೆಲವು ಭಾನುವಾರ ಹಿಂದಿನ ರಾತ್ರಿಯ ಅಮಲು ಪೂರ್ತಿ ಇಳಿಯದೆಯೇ ಹಾಡಿದ್ದಾನಂತೆ. ಯಾರೂ ಹಿಡಿದದ್ದಲ್ಲ, ಅವನೇ ಹೇಳಿಕೊಂಡದ್ದು.

ಅವನನ್ನು ಕೇಳಿಯೇ ಉಳಿದ ಹಿರಿಯರಿಗೆ ತಿಳಿಸಿದೆ. ಅಲ್ಲಿಂದ ಶುರುವಾಯಿತು ನೋಡಿ. ಇಬ್ಬರು ಬೈಬಲಿನ ಇಬ್ರಿಯ 12:14 ತೆಗೆದರು. ಪರಿಶುದ್ಧತೆ ಇಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲ, ಆದ್ದರಿಂದ ಬರುವ ಭಾನುವಾರವೇ ಅವನನ್ನು ಸಭೆಯ ಮುಂದೆ ನಿಲ್ಲಿಸಿ ಅಂದರು. ಇನ್ನಿಬ್ಬರು ರೋಮಾಪುರದವರಿಗೆ 5:20 ತೆಗೆದರು. ಪಾಪ ಹೆಚ್ಚಿದಲ್ಲಿ ಕೃಪೆ ಇನ್ನೂ ಹೆಚ್ಚಿತು, ಪ್ರಾರ್ಥನೆ ಮಾಡಿ ಬಿಟ್ಟುಬಿಡಿ ಅಂದರು. ನಾನು ಮಧ್ಯೆ ಸಿಕ್ಕಿಹಾಕಿಕೊಂಡಿದ್ದೇನೆ. ವಚನಗಳು ನನಗೂ ಗೊತ್ತು. ನಿಮ್ಮಲ್ಲಿ ಇಂಥದ್ದು ನಡೆದಾಗ ಏನು ಮಾಡಿದಿರಿ, ಆಮೇಲೆ ಏನಾಯಿತು ಅನ್ನುವುದು ನನಗೆ ಬೇಕು.

ನಿವೃತ್ತ ಸಭಾಪಾಲಕ:

ತಮ್ಮಾ, ನಾನು ಎರಡೂ ಕಡೆ ತಪ್ಪು ಮಾಡಿದವನು. ಅದನ್ನೇ ಹೇಳುತ್ತೇನೆ.

ಸೇವೆಗೆ ಬಂದ ಹೊಸದರಲ್ಲಿ ಒಬ್ಬ ಹುಡುಗಿಯನ್ನು ಸಭೆಯ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಹೇಳಿಸಿದೆ. ಅವಳ ತಪ್ಪು ಏನು ಅಂತ ಇಲ್ಲಿ ಬೇಡ. ಎರಡು ನಿಮಿಷದ ಮಾತು, ತಲೆ ಎತ್ತಲೇ ಇಲ್ಲ. ಹಿರಿಯರೆಲ್ಲ ನನ್ನ ಕೈ ಕುಲುಕಿದರು, "ಧೈರ್ಯ ಮಾಡಿದಿರಿ ಅಯ್ಯನವರೇ" ಅಂತ. ಆ ಹುಡುಗಿ ಮುಂದಿನ ವಾರ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಅವರಮ್ಮ ಮಾತ್ರ ಬರುತ್ತಿದ್ದರು. ಪಕ್ಕದಲ್ಲಿ ಒಂದು ಜಾಗ ಖಾಲಿ ಬಿಟ್ಟುಕೊಂಡು ಕೂರುತ್ತಿದ್ದರು. ಪ್ರಸಂಗ ಪೀಠದಿಂದ ಆ ಖಾಲಿ ಜಾಗ ನನಗೆ ನೇರ ಕಾಣುತ್ತಿತ್ತು.

ಅದರಿಂದ ಹೆದರಿ ಆಮೇಲೆ ಇನ್ನೊಂದು ತುದಿಗೆ ಹೋದೆ. ಒಬ್ಬ ಯುವಕ ಬಂದು ತನ್ನ ವಿಷಯ ಹೇಳಿಕೊಂಡಾಗ ಹತ್ತು ನಿಮಿಷ ಪ್ರಾರ್ಥನೆ ಮಾಡಿ, ಬೆನ್ನು ತಟ್ಟಿ ಕಳಿಸಿದೆ. ಕ್ಷಮೆ ಆಯಿತಲ್ಲ, ಇನ್ನೇನು ಅಂದುಕೊಂಡೆ. ಮೂರನೇ ತಿಂಗಳು ಮತ್ತೆ ಬಿದ್ದ, ಈ ಸಲ ಜೋರಾಗಿಯೇ. ಆಸ್ಪತ್ರೆಯಲ್ಲಿ ನೋಡಲು ಹೋದರೆ, "ನೀವು ಆಮೇಲೆ ಒಂದು ಸಲನೂ ಹೇಗಿದ್ದೀಯ ಅಂತ ಕೇಳಲಿಲ್ಲ" ಅಂದ. ನಾನು ಅವನಿಗೆ ಕೊಟ್ಟದ್ದನ್ನು ಕೃಪೆ ಅಂತ ಕರೆದುಕೊಂಡಿದ್ದೆ. ನಿಜವಾಗಿ ಅದು ನನ್ನ ಸೋಮಾರಿತನ.

ನಿಮ್ಮ ಹಿರಿಯರು 12:14ರಲ್ಲಿ ನಿಂತುಬಿಟ್ಟಿದ್ದಾರೆ. ಒಂದು ಸಾಲು ಮುಂದೆ ಓದಲು ಹೇಳಿ. 15ನೇ ವಚನ ಶುರುವಾಗುವುದೇ ನಿಮ್ಮಲ್ಲಿ ಯಾರೂ ದೇವರ ಕೃಪೆಯಿಂದ ತಪ್ಪಿಹೋಗದಂತೆ ನೋಡಿಕೊಳ್ಳಿ ಅಂತ. ನೋಡಿಕೊಳ್ಳಿ ಅನ್ನುವುದು ಇಡೀ ಸಭೆಗೆ ಹೇಳಿದ ಮಾತು. ರೋಮಾದವರಿಗೆ ಬರೆದದ್ದನ್ನು ಹಿಡಿದವರಿಗೂ ಅಷ್ಟೇ. 5:20 ಆದ ಮೇಲೆ 6:1 ಬರುತ್ತದೆ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ ಅಂತ ಆ ಪತ್ರ ಬರೆದ ಪೌಲನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ.

ಇನ್ನೊಂದು. ಗಲಾತ್ಯ 6:1ರಲ್ಲಿ ತಪ್ಪಿದವನನ್ನು ಸೌಮ್ಯವಾಗಿ ಸರಿಮಾಡಿ ಅಂತ ಇದೆಯಲ್ಲ, ಆ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲೂ ಇದೆ. ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಅನ್ನುವ ಕಡೆ. ಹರಿದ ಬಲೆಯನ್ನು ಯಾರೂ ಎಸೆಯುವುದಿಲ್ಲ. ಹಾಗಂತ ಹರಿದದ್ದನ್ನೇ ನೀರಿಗೂ ಬಿಡುವುದಿಲ್ಲ. ಮೊದಲು ದಡಕ್ಕೆ ತರುತ್ತಾರೆ.

ಹಾಗಾಗಿ ಹಾಡಿನಿಂದ ಇಳಿಸಿ. ಸಭೆಯಿಂದ ಇಳಿಸಬೇಡಿ.

ಬಿಟ್ಟು ಮತ್ತೆ ಬಂದವನು:

ಅಯ್ಯನವರ ಮಾತಿಗೆ ಒಂದು ಸೇರಿಸಬೇಕು. ಇಳಿಸುವಾಗ ಎಷ್ಟು ದಿನ ಅಂತ ದಯವಿಟ್ಟು ಹೇಳಿ.

ನಾನು ಆ ಹುಡುಗನ ಜಾಗದಲ್ಲಿದ್ದವನು. ಗಿಟಾರ್ ನುಡಿಸುತ್ತಿದ್ದೆ, ಕುಡಿಯುತ್ತಿದ್ದೆ. ಗೊತ್ತಾದಾಗ "ಸದ್ಯಕ್ಕೆ ಬೇಡ" ಅಂದರು. ಕೆಟ್ಟ ಮಾತು ಒಂದೂ ಆಡಲಿಲ್ಲ, ನಿಜ. ಆದರೆ ಆ ಸದ್ಯಕ್ಕೆ ಎರಡೂವರೆ ವರ್ಷ ಆಯಿತು. ಒಂಬತ್ತು ತಿಂಗಳು ಒಂದು ಹನಿ ಮುಟ್ಟದೆ ಇದ್ದೆ, ಯಾರೂ ಕೇಳಲಿಲ್ಲ. ನಾನೇ ಕೇಳಲು ನಾಚಿಕೆ. ಕೇಳಿದರೆ ಸ್ಟೇಜ್ ಆಸೆ ಅನ್ನುತ್ತಾರಲ್ವಾ? ಹತ್ತನೇ ತಿಂಗಳು ಮತ್ತೆ ಶುರುಮಾಡಿದೆ. ತಪ್ಪು ನನ್ನದೇ, ಅವರ ಮೇಲೆ ಹಾಕುತ್ತಿಲ್ಲ. ಆದರೆ ಯಾವಾಗ ಬಾಗಿಲು ತೆಗೆಯುತ್ತಾರೆ ಅಂತ ಗೊತ್ತಿಲ್ಲದೆ ಹೊರಗೆ ನಿಲ್ಲುವುದು ಬಹಳ ಕಷ್ಟ.

ಉಳಿಸಿದ್ದು ಒಬ್ಬ ಹಿರಿಯರ ಫೋನ್. ಪ್ರತಿ ಗುರುವಾರ ರಾತ್ರಿ. ಉಪದೇಶ ಇಲ್ಲ. "ಈ ವಾರ ಕುಡಿದೆಯಾ?" ಅಂತ ನೇರ ಕೇಳುವುದು. ಹೌದು ಅಂದರೆ "ಸರಿ, ನಾಳೆ ಬರ್ತೀನಿ" ಅನ್ನುವುದು. ಬರುವುದು. ಅಷ್ಟೇ. ಅದರಲ್ಲಿ ಕೃಪೆ ಯಾವುದು ಶಿಸ್ತು ಯಾವುದು ಅಂತ ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಮರೆಯುವ ಮುಂಚೆ: ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ದಿನವೂ ಜಾಸ್ತಿ ಕುಡಿಯುವವನು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಪ್ರಾರ್ಥನೆ ಮಾಡಿಸಿ "ಇವತ್ತಿಂದ ಬಿಟ್ಟೆ" ಅಂತ ಹೇಳಿಸಿ ಮನೆಗೆ ಕಳಿಸಬೇಡಿ.

ಹಳೇ ಕಾಲದ ಹುಚ್ಚಿನವಳು:

ಅಣ್ಣ ಹೇಳಿದ "ಎಷ್ಟು ದಿನ" ಅನ್ನುವುದು ಹಳೇ ಸಭೆಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು ಅಂತ ಆಜ್ಞೆ ಹೊರಡಿಸಿದ. ತುಂಬ ವಿಶ್ವಾಸಿಗಳು ಹೆದರಿ ಅರ್ಪಿಸಿದರು, ಕೆಲವರು ದುಡ್ಡು ಕೊಟ್ಟು ಸರ್ಟಿಫಿಕೇಟ್ ಮಾತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ವಾಪಸ್ ಬಂದು ಬಾಗಿಲಲ್ಲಿ ನಿಂತರು. ಮನೆಯವರನ್ನು ಕಳೆದುಕೊಂಡವರು ಒಳಗೆ ಕೂತಿದ್ದಾರೆ. ಎಷ್ಟು ಕಷ್ಟ ಯೋಚಿಸಿ. ರೋಮಿನಲ್ಲಿ ನೊವಾಸಿಯನ್ ಅನ್ನುವವನು ಇವರನ್ನು ಸಭೆಗೆ ಮತ್ತೆ ಸೇರಿಸಿಕೊಳ್ಳುವ ಹಾಗೇ ಇಲ್ಲ ಅಂದ. 251ರಲ್ಲಿ ಸಭೆಯೇ ಒಡೆಯಿತು. ಇನ್ನೊಂದು ಕಡೆ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಕೆಲವರು ಏನೂ ಕೇಳದೆ ತಕ್ಷಣ ಸೇರಿಸಿಕೊಳ್ಳಿ ಅಂದರು. ಅಲ್ಲಿನ ಬಿಷಪ್ ಸಿಪ್ರಿಯನ್ ಎರಡನ್ನೂ ಒಪ್ಪದೆ, ಮಾನಸಾಂತರಕ್ಕೆ, ಅಂದರೆ ಪಶ್ಚಾತ್ತಾಪಪಟ್ಟು ಬದಲಾಗಲು, ಸಮಯ ಕೊಟ್ಟು ಸೇರಿಸಿಕೊಳ್ಳೋಣ ಅಂದ. ನಿಮ್ಮ ಹಿರಿಯರ ಸಭೆಯಲ್ಲಿ ಆದದ್ದೇ!

ಆಮೇಲೆ ಇನ್ನೊಂದು ಹಿಂಸೆ ಬಂತು. 325ರಲ್ಲಿ ನೈಸೀಯದಲ್ಲಿ ಬಿಷಪರು ಸೇರಿದ ಮಹಾಸಭೆ ಇದಕ್ಕೆ ನಿಯಮ ಬರೆಯಿತು. ಯಾವ ಬಲವಂತವೂ ಇಲ್ಲದೆ ನಂಬಿಕೆ ಬಿಟ್ಟವರಿಗೆ 3 ವರ್ಷ ವಾಕ್ಯ ಕೇಳುವವರ ಜೊತೆ, 7 ವರ್ಷ ಮೊಣಕಾಲೂರಿ ಬೇಡುವವರ ಜೊತೆ, ಇನ್ನು 2 ವರ್ಷ ಎಲ್ಲರ ಜೊತೆ ಪ್ರಾರ್ಥನೆಯಲ್ಲಿ, ಆದರೆ ಕರ್ತನ ಭೋಜನ (ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಇಲ್ಲ. ಒಟ್ಟು 12 ವರ್ಷ. ಅಬ್ಬಾ ಅನಿಸುತ್ತದೆ, ನನಗೂ ಅನಿಸಿತು. ಆದರೆ ನೋಡಿ, ಒಳಗೆ ಬರುವ ದಿನ ಮೊದಲೇ ಬರೆದಿದೆ. ಮುಂದಿನ ನಿಯಮದಲ್ಲಿ, ಮಾನಸಾಂತರ ಬರೀ ತೋರಿಕೆಯಲ್ಲ, ನಡತೆಯಲ್ಲಿ ಕಾಣುತ್ತಿದೆ ಅನ್ನುವವರಿಗೆ ಬಿಷಪ್ ಇನ್ನೂ ದಯೆ ತೋರಿಸಬಹುದು ಅಂತ ಬಿಟ್ಟಿದ್ದಾರೆ. ಅದರ ಮುಂದಿನದರಲ್ಲಿ, ಸಾಯುತ್ತಿರುವವನಿಗೆ ಕೊನೆಯದಾಗಿ ಕರ್ತನ ಭೋಜನ ತಪ್ಪಿಸಬೇಡಿ ಅಂತ.

12 ವರ್ಷ ನಮಗೆ ಬೇಡವೇ ಬೇಡ. ಮೆಟ್ಟಿಲು ಕಟ್ಟಿಕೊಟ್ಟರಲ್ಲ, ಅದು ಬೇಕು.

ಸಂಡೇ ಸ್ಕೂಲ್ ಟೀಚರ್:

ಎಲ್ಲರೂ ಬಿದ್ದವನ ಬಗ್ಗೆಯೇ ಮಾತಾಡುತ್ತಿದ್ದೀರಿ. ಸ್ವಲ್ಪ ಬೇಜಾರಿನಿಂದಲೇ ಬರೆಯುತ್ತಿದ್ದೇನೆ.

ನಮ್ಮ ಸಭೆಯಲ್ಲಿ ಸ್ತ್ರೀಯರ ಕೂಟದ ಹಣ ಒಬ್ಬರ ಕೈಯಲ್ಲಿ ಕರಗಿತು. ಅವರು ಅತ್ತರು, ಹಿರಿಯರು ಅಪ್ಪಿಕೊಂಡರು, ಒಳ್ಳೆಯ ಪ್ರಸಂಗವೂ ಆಯಿತು, ಆಸ್ತಿ ಹಾಳುಮಾಡಿ ವಾಪಸ್ ಬಂದು ತಂದೆಯ ಕ್ಷಮೆ ಪಡೆದ ದುಂದುಗಾರ ಮಗನ ಬಗ್ಗೆ. ಹಣ ಕೂಡಿಟ್ಟಿದ್ದ ಹೆಂಗಸರನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಬೇರೆಯವರ ನಷ್ಟವನ್ನು ಕ್ಷಮಿಸಲು ಇವರು ಯಾರು? ನಾವು ಬಾಯಿ ತೆಗೆದರೆ "ಕ್ಷಮಿಸುವ ಮನಸ್ಸಿಲ್ಲ" ಅನ್ನಿಸಿಕೊಂಡೆವು. ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿ ಯೇಸು ಅವನ ಮನೆಗೆ ಹೋಗಿದ್ದು ಯಾವ ಷರತ್ತೂ ಹಾಕದೆ. ಅದಾದ ಮೇಲೆ ಅವನೇ ಎದ್ದು ನಿಂತು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಮಕ್ಕಳಿಗೆ ಕಲಿಸುವಾಗ ನಾಲ್ಕರಷ್ಟು ಅನ್ನುವುದನ್ನು ನಾನು ಬೋರ್ಡ್ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಹಾಗಾಗಿ ಅಣ್ಣಾ, ಆ ಹುಡುಗನ ಮನೆಯಲ್ಲಿ ಯಾರಿದ್ದಾರೆ? ಅವನ ಕುಡಿತದಿಂದ ಯಾರಿಗೆ ಪೆಟ್ಟಾಗಿದೆ, ಯಾರ ಹತ್ತಿರ ಸಾಲ ಮಾಡಿದ್ದಾನೆ? ಅದನ್ನು ಮೊದಲು ವಿಚಾರಿಸಿ. ಮತ್ತು ಇದು ನಿಮ್ಮ ವಿಷಯ ಅಲ್ಲ, ಆದರೂ ಬರೆದುಬಿಡುತ್ತೇನೆ: ಮಕ್ಕಳ ಮೇಲೆ ಕೈ ಹಾಕಿದ ವಿಷಯವಾದರೆ ಅದು ಹಿರಿಯರು ಕೂತು ಮಾತಾಡುವ ಸಂಗತಿಯಲ್ಲ. ನೇರ ಪೊಲೀಸರಿಗೆ.

ಕೊನೇ ಬೆಂಚು:

ಕುಡಿತ ಅಂದರೆ ತುರ್ತು ಸಭೆ ಕರೆಯುತ್ತೀರಿ. 1 ಕೊರಿಂಥ 5:11ರಲ್ಲಿ ಕುಡಿಕನ ಜೊತೆ ಒಂದೇ ಸಾಲಿನಲ್ಲಿ ಲೋಭಿ, ಬೈಯುವವನು ಕೂಡ ಇದ್ದಾರೆ. ಬೈಯುವವರನ್ನು ಹಾಡಿನಿಂದ ಇಳಿಸಿದ್ದು ನಾನಂತೂ ನೋಡಿಲ್ಲ. ಸುಮ್ನೆ ಹೇಳಿದೆ.

ನಿವೃತ್ತ ಸಭಾಪಾಲಕ:

ಕೊನೇ ಬೆಂಚಿಗೆ ನನ್ನ ಹತ್ತಿರ ಉತ್ತರ ಇಲ್ಲ. ಟೀಚರ್ ಅಮ್ಮನಿಗೂ ಇಲ್ಲ. ನಾನು ಆ ಹುಡುಗಿಯ ಅಮ್ಮನ ಹತ್ತಿರ ಕ್ಷಮೆ ಕೇಳಿದ್ದು ನಿವೃತ್ತಿಯಾದ ಮೇಲೆ.

ಹೊಸ ಹಿರಿಯ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಟೀಚರ್ ಅಕ್ಕ ಕೇಳಿದ್ದನ್ನು ಹುಡುಗನ ಹತ್ತಿರ ಕೇಳಿದೆ. ತಂಗಿಯ ಫೀಸಿಗೆ ಇಟ್ಟ ಹಣ ತೆಗೆದಿದ್ದಾನೆ. ಇದು ಮೊದಲ ದಿನದ ಅಳುವಿನಲ್ಲಿ ಬಂದಿರಲಿಲ್ಲ. ತಿಂಗಳು ತಿಂಗಳು ಎಷ್ಟು ವಾಪಸ್ ಕೊಡುತ್ತಾನೆ ಅಂತ ತಂಗಿಯ ಎದುರೇ ಬರೆದುಕೊಂಡೆವು. ಡಾಕ್ಟರ್ ಹತ್ತಿರ ಹೋಗಿ ಬಂದೆವು, ಅಲ್ಲೇ ಚಿಕಿತ್ಸೆ ಶುರುವಾಗಿದೆ. ಹಾಡಿನಿಂದ ಆರು ತಿಂಗಳು ಬಿಡುವು. ಆರನೇ ತಿಂಗಳ ಕೊನೆಯ ಭಾನುವಾರ ಹಿರಿಯರೆಲ್ಲ ಅವನ ಜೊತೆ ಕೂರುವುದು ಅಂತ ಡೈರಿಯಲ್ಲಿ ಬರೆದಿದ್ದೇವೆ. ಮಧ್ಯೆ ಜಾರಿದರೆ ಲೆಕ್ಕ ಮತ್ತೆ ಮೊದಲಿಂದ ಶುರುಮಾಡುವುದಿಲ್ಲ, ಕೂತು ಮಾತಾಡುತ್ತೇವೆ. ಸಭೆಯ ಮುಂದೆ ನಿಲ್ಲಿಸಲಿ ಅಂದಿದ್ದ ಒಬ್ಬರು ಇನ್ನೂ ಒಪ್ಪಿಲ್ಲ. ಆದರೆ 15ನೇ ವಚನ ಓದಿದ ಮೇಲೆ ಗುರುವಾರದ ಫೋನ್ ನಾನೇ ಮಾಡುತ್ತೇನೆ ಅಂದವರೂ ಅವರೇ. ನನಗೆ ಅದು ಆಶ್ಚರ್ಯ.

ಒಂದು ಉಳಿದಿದೆ. ಭಾನುವಾರ ಬೇರೆಯವರು ಹಾಡುತ್ತಾರೆ. ಜನ ಕೇಳುತ್ತಾರೆ. ಏನು ಹೇಳಲಿ? ಹುಷಾರಿಲ್ಲ ಅಂದರೆ ಸುಳ್ಳಾಗುತ್ತದೆ.

ಬಿಟ್ಟು ಮತ್ತೆ ಬಂದವನು:

ಅವನನ್ನೇ ಕೇಳಿ ಬ್ರದರ್. "ಬಿಡುವು ತಗೊಂಡಿದ್ದಾನೆ, ಅವನಿಗಾಗಿ ಪ್ರಾರ್ಥಿಸಿ" ಅಂದರೆ ಸಾಕು ಅಂತ ಅವನು ಅಂದರೆ ಅಷ್ಟೇ ಹೇಳಿ, ಅದು ಸುಳ್ಳಲ್ಲ. ಇನ್ನೂ ಕೆದಕುವವರಿಗೆ ಅವನ ಫೋನ್ ನಂಬರ್ ಕೊಡಬೇಡಿ, ನಿಮ್ಮದು ಕೊಡಿ. ಮತ್ತೆ ಆ ಭಾನುವಾರ ಅವನು ಎಲ್ಲಿ ಕೂರುತ್ತಾನೆ ಅಂತ ಯೋಚಿಸಿದ್ದೀರಾ? ಇಷ್ಟು ದಿನ ಮುಂದೆ ನಿಂತವನಿಗೆ ಬೆಂಚಿನಲ್ಲಿ ತನ್ನ ಜಾಗ ಅಂತ ಒಂದು ಇರುವುದಿಲ್ಲ. ನಾನು ಮೊದಲ ವಾರ ಬಾಗಿಲ ಹತ್ತಿರ ನಿಂತು ವಾಪಸ್ ಹೋಗಿದ್ದೆ.

ಹೊಸ ಹಿರಿಯ:

ಯೋಚಿಸಿರಲಿಲ್ಲ. ನಮ್ಮ ಮನೆಯವರ ಪಕ್ಕ ಜಾಗ ಇದೆ. ಈಗಲೇ ಫೋನ್ ಮಾಡುತ್ತೇನೆ.