ಘಾನಾ, ಬೊಂಗೊ ಜಿಲ್ಲೆ: ಒಂದು ಕೈಪಂಪಿನಲ್ಲಿ ಕೆಂಪು ನೀರು, ಇನ್ನೊಂದರಲ್ಲಿ ತಿಳಿನೀರು. ಮೊದಲು ಯಾವುದನ್ನು ಪರೀಕ್ಷಿಸಬೇಕು?

ನೀರಗಂಟಿ_ಬೋಲ್ಗಾ:
ಎಲ್ಲರಿಗೂ ನಮಸ್ಕಾರ. ಉತ್ತರ ಘಾನಾದ ಅಪ್ಪರ್ ಈಸ್ಟ್ ಪ್ರಾಂತದ ಬೊಂಗೊ ಜಿಲ್ಲೆಯಲ್ಲಿ ಒಂದು ಹಳ್ಳಿ. ಅಲ್ಲಿ ಎರಡು ಕೊಳವೆಬಾವಿ ಇವೆ, ಎರಡಕ್ಕೂ ನಮ್ಮೂರುಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಮಾದರಿಯ ಕೈಪಂಪು.

ಒಂದನೇ ಬಾವಿ: ಬೆಳಿಗ್ಗೆ ಹೊಡೆದರೆ ಕೆಂಪು ನೀರು, ಕಬ್ಬಿಣದ ವಾಸನೆ. ಪಿ.ಎಚ್. 5.9 (ಏಳಕ್ಕಿಂತ ಕಡಿಮೆ ಎಂದರೆ ನೀರು ಆಮ್ಲೀಯ), ವಿದ್ಯುತ್ ವಾಹಕತೆ (ನೀರಿನ ಉಪ್ಪಿನಂಶದ ಅಳತೆ) ಸೆಂ.ಮೀ.ಗೆ 180 ಮೈಕ್ರೋಸೀಮನ್ಸ್. ಪೈಪು 30 ಮೀಟರ್ ಇಳಿದಿದೆ. ಬಟ್ಟೆ ಕಲೆಯಾಗುತ್ತದೆ, ಅಡುಗೆ ಕಪ್ಪಾಗುತ್ತದೆ ಎಂದು ಹೆಂಗಸರು ಇದನ್ನು ಬಿಟ್ಟು ಹಳ್ಳದ ಪಕ್ಕದ ತೋಡುಬಾವಿಗೆ ಹೋಗುತ್ತಿದ್ದಾರೆ.

ಎರಡನೇ ಬಾವಿ: ತಿಳಿನೀರು, ಒಳ್ಳೆಯ ರುಚಿ, ಪಿ.ಎಚ್. 7.7. ಇಲ್ಲಿ ದೂರುಗಳಿಲ್ಲ. ಆದರೆ ಸುತ್ತಲಿನ ಮಕ್ಕಳ ಮುಂದಿನ ಹಲ್ಲುಗಳಲ್ಲಿ ಕಂದು ಪಟ್ಟೆಗಳಿವೆ.

ಇರುವ ಹಣದಲ್ಲಿ ಒಂದು ಪಂಪಿನ ಪೈಪು ಬದಲಿಸಬಹುದು, ಇಲ್ಲವೇ ಒಂದು ಸಣ್ಣ ಶೋಧಕ ಕೂರಿಸಬಹುದು, ಎರಡೂ ಆಗದು. ಪ್ರಯೋಗಾಲಯ ಇರುವುದು ತಮಾಲೆಯಲ್ಲಿ. ಎಲ್ಲಿಂದ ಶುರು ಮಾಡಲಿ?

ಕಪ್‌ವಾಷರ್:
ಒಂದನೇ ಬಾವಿಯ ಕೆಂಪು ನೆಲದಿಂದ ಬರುತ್ತಿದೆಯೋ ಪೈಪಿನಿಂದಲೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಇದು ಗೊತ್ತಾಗದೆ ಶೋಧಕ ಕೂರಿಸಿದರೆ ಹಣ ನೀರಿಗೆ ಹೋದ ಹಾಗೆಯೇ.

ಪಿ.ಎಚ್. 6.5ಕ್ಕಿಂತ ಕೆಳಗಿರುವ ನೀರು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ಲೇಪವನ್ನು ಬೇಗ ತಿಂದುಹಾಕುತ್ತದೆ, ಆಮೇಲೆ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. 5.9 ಎಂದರೆ ಅನುಮಾನ ಪೈಪಿನ ಮೇಲೆಯೇ. ಹೀಗೆ ಪರೀಕ್ಷಿಸಿ. ರಾತ್ರಿಯಿಡೀ ಪಂಪಿಗೆ ಬೀಗ ಹಾಕಿಸಿ. ಬೆಳಿಗ್ಗೆ ಮೊದಲ ನೀರನ್ನೇ ಒಂದು ಬಾಟಲಿಗೆ ಹಿಡಿಯಿರಿ. ನಂತರ ನಿಲ್ಲಿಸದೆ ಹೊಡೆಯುತ್ತಾ 5, 15, 30, 60ನೇ ನಿಮಿಷಕ್ಕೆ ಒಂದೊಂದು ಬಾಟಲಿ. 32 ಮಿ.ಮೀ. ಪೈಪಿನಲ್ಲಿ ಮೀಟರಿಗೆ ಸುಮಾರು 1 ಲೀಟರ್ ನೀರಿರುತ್ತದೆ, ಅಂದರೆ ನಿಮ್ಮ ಪೈಪಿನಲ್ಲಿ 30 ಲೀಟರ್. ಆದರೆ ಪೈಪಿನ ಹೊರಗೆ, ಬಾವಿಯೊಳಗೆ ನಿಂತ ನೀರೂ ರಾತ್ರಿಯೆಲ್ಲ ಅದೇ ತುಕ್ಕಿಗೆ ತಾಗಿಕೊಂಡಿರುತ್ತದೆ. 125 ಮಿ.ಮೀ. ಬಾವಿಯಲ್ಲಿ 20 ಮೀಟರ್ ನೀರು ನಿಂತಿದ್ದರೆ ಅದೇ 245 ಲೀಟರ್. ಎರಡೂ ಸೇರಿದ್ದರ ಮೂರು ಪಟ್ಟು, ಸುಮಾರು 800 ಲೀಟರ್, ಹೊರಹೋಗಬೇಕು. ನಿಮಿಷಕ್ಕೆ 12 ಲೀಟರಿನಂತೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಕೊನೆಯ ಬಾಟಲಿ ಆಗ ತುಂಬಿ. ಹೊಡೆಯಲು ಆರೇಳು ಜನ ಸರದಿಯಲ್ಲಿರಲಿ. ಹತ್ತು ನಿಮಿಷ ಹೊಡೆದು "ಇನ್ನೂ ಕೆಂಪಿದೆ, ನೆಲದ್ದೇ" ಎಂದು ತೀರ್ಮಾನಿಸುವವರೇ ಹೆಚ್ಚು.

ಕಬ್ಬಿಣ ಇಳಿಯುತ್ತಾ ಹೋಗಿ ಲೀಟರಿಗೆ 0.3 ಮಿ.ಗ್ರಾಂ ಆಸುಪಾಸಿಗೆ ಬಂದರೆ ತಪ್ಪು ಪೈಪಿನದು. ಕೊನೆಯವರೆಗೂ ಇಳಿಯದಿದ್ದರೆ ನೆಲದ್ದು. ಪೈಪು ಮೇಲೆತ್ತಿದಾಗ ಒಂದು ಅಯಸ್ಕಾಂತ ಹಿಡಿದು ನೋಡಿ: ಜಿ.ಐ. ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಸ್ಟೇನ್‌ಲೆಸ್ ಹೆಚ್ಚುಕಡಿಮೆ ಅಂಟುವುದೇ ಇಲ್ಲ. ರಿಪೇರಿಯ ವೇಳೆ ಅಗ್ಗಕ್ಕೆ ಸಿಕ್ಕಿದ ಜಿ.ಐ. ತುಂಡೊಂದನ್ನು ನಡುವೆ ಸೇರಿಸಿರುವುದು ಹೀಗೇ ಪತ್ತೆಯಾಗುವುದು.

ಮೊದಲ ಬಾಟಲಿಯಲ್ಲಿ ಸೀಸವನ್ನೂ ನೋಡಿಸಿ. ಘಾನಾ, ಮಾಲಿ, ನೈಜರ್‌ಗಳ ನೀರಿನ ವ್ಯವಸ್ಥೆಗಳಲ್ಲಿ ಹಿತ್ತಾಳೆಯ ಭಾಗಗಳಿಂದ ಸೀಸ ಬಿಡುವುದು ಅಧ್ಯಯನಗಳಲ್ಲಿ ಕಂಡಿದೆ. ಆಮ್ಲೀಯ ನೀರಿನಲ್ಲಿ ಆ ಸಾಧ್ಯತೆ ಹೆಚ್ಚು.

ಗ್ರಾನೈಟ್_ಗುಡ್ಡ:
ಪೈಪಿನ ಮಾತು ಒಪ್ಪಿದೆ. ಆದರೆ ನನಗೆ ಹೆಚ್ಚು ಕಳವಳ ತರುವುದು ಎರಡನೇ ಬಾವಿ.

ಬೊಂಗೊದಲ್ಲಿ ನೆಲದಡಿ ಇರುವುದು ಫ್ಲೋರೈಡ್ ಹೆಚ್ಚಿರುವ ಗ್ರಾನೈಟ್. ಜಿಲ್ಲೆಯಲ್ಲಿ ಹಲ್ಲಿನ ಫ್ಲೋರೋಸಿಸ್ (ಹೆಚ್ಚಿನ ಫ್ಲೋರೈಡಿನಿಂದ ಹಲ್ಲಿಗೆ ಕಲೆ ಬೀಳುವ ತೊಂದರೆ) ದಾಖಲಾಗಿದೆ, ಫ್ಲೋರೈಡ್ ಮಿತಿಮೀರಿದ ಬೋರ್‌ಗಳನ್ನು ಮುಚ್ಚಿದ್ದೂ ಉಂಟು. ಪಾವಗಡದ ನೀರು ಬಲ್ಲವರಿಗೆ ಈ ಕಥೆ ಹೊಸದಲ್ಲ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು, ಪಿ.ಎಚ್. ಏಳರ ಮೇಲೆ: ಇಂಥ ನೀರು ಮೆದುವಾಗಿ, ರುಚಿಯಾಗಿ ಇರುತ್ತದೆ. ಫ್ಲೋರೈಡ್ ಕರಗುವುದೂ ಅದರಲ್ಲೇ. ಕ್ಯಾಲ್ಸಿಯಂ ಇದ್ದಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತಿತ್ತು. ಆದ್ದರಿಂದ ಜನ ಮೆಚ್ಚುವ ಬಾವಿ ಅಪಾಯದ್ದೂ ದೂರುವ ಬಾವಿ ಸುರಕ್ಷಿತದ್ದೂ ಆಗಿರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಆದರೆ ಅಲ್ಲಿಯ ಬಿಸಿಲಿಗೆ ಜನ ದಿನಕ್ಕೆ ಕುಡಿಯುವ ನೀರು ಜಾಸ್ತಿ, ಅಡುಗೆಯ ಮೂಲಕವೂ ಸೇರುತ್ತದೆ. ಹಾಗಾಗಿ 1.5 ಅನ್ನು ಅಭಯವೆಂದು ನೋಡಬೇಡಿ. ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಸುಮಾರು 8 ವರ್ಷದೊಳಗೆ. ಆಗ ಬಿದ್ದ ಕಲೆ ಮುಂದೆ ನೀರು ಬದಲಿಸಿದರೂ ಹೋಗದು. ಹೆಚ್ಚು ಪ್ರಮಾಣ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಫ್ಲೋರೈಡ್ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ, ಆಮ್ಲ ಹಾಕದೆ ಕಳಿಸಿ. ಗಾಜು ಬೇಡ. ಕಬ್ಬಿಣ, ಆರ್ಸೆನಿಕ್, ಸೀಸದ ಬಾಟಲಿಗಳಿಗೆ ಮಾತ್ರ ನೈಟ್ರಿಕ್ ಆಮ್ಲ ಹಾಕಿ ಪಿ.ಎಚ್. 2ಕ್ಕಿಂತ ಕೆಳಗೆ ತನ್ನಿ, ಇಲ್ಲದಿದ್ದರೆ ಲೋಹ ಗೋಡೆಗೆ ಅಂಟಿ ಫಲಿತಾಂಶ ಕಡಿಮೆ ಬರುತ್ತದೆ.

ಆರ್ಸೆನಿಕ್ ಒಮ್ಮೆಯಾದರೂ ನೋಡಿಸಿ. ಗಡಿಯಾಚೆ ಉತ್ತರ ಬುರ್ಕಿನಾ ಫಾಸೊದ ಉವಾಹಿಗುಯಾ ಸುತ್ತ, ಚಿನ್ನದ ಅದಿರಿರುವ ಬಿರಿಮಿಯನ್ ಶಿಲೆಗಳಲ್ಲಿ, ಲೀಟರಿಗೆ 1,600 ಮೈಕ್ರೋಗ್ರಾಂ ಮೀರಿದ ಬಾವಿ ಸಿಕ್ಕಿದೆ. ಮಿತಿ 10. ಅಂಗೈ ಅಂಗಾಲು ಗಂಟುಗಟ್ಟುವುದು, ಎದೆಯ ಮೇಲೆ ಕಪ್ಪು-ಬಿಳಿ ಚುಕ್ಕೆ ಬೀಳುವುದು ಇದರ ಗುರುತು. ನೀರಿನಲ್ಲಿ ಮಾತ್ರ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆಶಾ_ತಾಯಿ:
ತೋಡುಬಾವಿಯನ್ನು ಮರೆಯಬೇಡಿ, ಈ ವಾರವೇ ಮಗುವಿಗೆ ಭೇದಿ ತರಬಲ್ಲದ್ದು ಅದು. ಕೆಂಪು ನೀರಿನ ಕಬ್ಬಿಣ ದೊಡ್ಡ ಕೇಡು ಮಾಡುವುದಿಲ್ಲ. ಅದಕ್ಕೆ ಅಂಜಿ ಹಳ್ಳದ ಬಾವಿಗೆ ಹೋಗುವುದರಲ್ಲೇ ಕೇಡಿದೆ. 100 ಮಿ.ಲೀ. ನೀರಿನಲ್ಲಿ ಇ.ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು 6 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿ. ಹತ್ತಿರ ಶೌಚಗುಂಡಿ, ದನದ ಕೊಟ್ಟಿಗೆ ಇದ್ದರೆ ನೈಟ್ರೇಟನ್ನೂ ನೋಡಿಸಿ. ಮಿತಿ ಲೀಟರಿಗೆ 50 ಮಿ.ಗ್ರಾಂ. ಬಾಟಲಿ ಹಾಲು ಕುಡಿಯುವ ಹಸುಳೆಗಳಿಗೆ ಅದು ಅಪಾಯ. ಕುದಿಸಿದರೆ ನೈಟ್ರೇಟೂ ಫ್ಲೋರೈಡೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತವೆ.

ಪೈಪಿನ ಕೆಲಸ ಮುಗಿಯುವವರೆಗೆ ತೋಡುಬಾವಿಗೆ ಕ್ಲೋರಿನ್ ಹಾಕಿ. 1 ಮೀಟರ್ ಅಗಲ, 3 ಮೀಟರ್ ನೀರು ಎಂದರೆ ಸುಮಾರು 2,350 ಲೀಟರ್. ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಸಿಗಲು 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್ 180 ಗ್ರಾಂ ಬೇಕು. ನಮ್ಮ ಬ್ಲೀಚಿಂಗ್ ಪುಡಿಯ ಶಕ್ತಿ ಅದರ ಅರ್ಧದಷ್ಟು, ಆ ಲೆಕ್ಕವನ್ನು ಅಲ್ಲಿ ಹಾಕಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಗಸಿ ಬಿಟ್ಟು ತಿಳಿಯನ್ನು ಸುರಿದು, 12 ಗಂಟೆ ಯಾರೂ ಸೇದದಂತೆ ನೋಡಿಕೊಂಡು, ವಾಸನೆ ಹೋಗುವವರೆಗೆ ನೀರು ಎತ್ತಿಹಾಕಿ. ಕಟ್ಟೆ ಒಡೆದಿದ್ದರೆ, ಹಗ್ಗ ನೆಲದಲ್ಲಿ ಹೊರಳಿದರೆ ಕೆಲವೇ ದಿನಕ್ಕೆ ಮತ್ತೆ ಕೆಡುತ್ತದೆ. ಹಾಗಾಗಿ ಮನೆಯ ಕೊಡದಲ್ಲೂ ಕ್ಲೋರಿನ್ ಇರಲಿ: ಅರ್ಧ ಗಂಟೆಯ ನಂತರ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿದಿರಬೇಕು. ಕೆಂಪು ನೀರಿಗೆ ಹಾಕಿದರೆ ಕಬ್ಬಿಣವೇ ಕ್ಲೋರಿನ್ನನ್ನು ನುಂಗುತ್ತದೆ, ಅಳೆಯದೆ ನಂಬಬೇಡಿ.

ನೀರಗಂಟಿ_ಬೋಲ್ಗಾ:
ಮೂವರಿಗೂ ಧನ್ಯವಾದ. ಒಂದನೇ ಬಾವಿಯಲ್ಲಿ ತಪ್ಪು ಪೈಪಿನದೇ ಆಗಿದ್ದರೆ ಪಿ.ವಿ.ಸಿ. ಹಾಕಬಹುದೇ? ಸ್ಟೇನ್‌ಲೆಸ್ ದುಬಾರಿ. ಎರಡನೇ ಬಾವಿಗೆ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ಆಗುತ್ತದೆಯೇ?

ಕಪ್‌ವಾಷರ್:
ಮಾರ್ಕ್ 2ಕ್ಕೆ ಸಾದಾ ಪಿ.ವಿ.ಸಿ. ಬೇಡ. ಹೊಡೆತಕ್ಕೆ ಪೈಪು ಎಳೆದು ಕುಗ್ಗುತ್ತದೆ, ರಾಡ್ ಉಜ್ಜಿ ಒಳಗೋಡೆ ಸವೆಯುತ್ತದೆ, ಕೊನೆಗೆ ಥ್ರೆಡ್ಡಿನಲ್ಲಿ ಮುರಿದು, ತುದಿಯಲ್ಲಿ ನೀರೆತ್ತುವ ಸಿಲಿಂಡರ್ ಸಮೇತ ಬಾವಿಗೆ ಬೀಳುತ್ತದೆ. ವಾಹಕತೆ 180 ಇರುವ ನೀರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು. ಉಪ್ಪು ಹೆಚ್ಚಿದ್ದರೆ ಮಾತ್ರ 316. ಪೈಪು, ಕಪ್ಲಿಂಗ್, ರಾಡ್ ಮೂರೂ ಸ್ಟೇನ್‌ಲೆಸ್ ಇರಲಿ. ಅರ್ಧ ಅದು ಅರ್ಧ ಜಿ.ಐ. ಆದರೆ ಕೂಡುವ ಜಾಗದಲ್ಲಿ ಜಿ.ಐ. ಇನ್ನೂ ಬೇಗ ಕೊರೆದುಹೋಗುತ್ತದೆ. ಸ್ಟೇನ್‌ಲೆಸ್ ಗೋಡೆ ತೆಳು, ಜಿ.ಐ. ಕ್ಲ್ಯಾಂಪಿನಿಂದ ಎತ್ತಿದರೆ ನಜ್ಜುತ್ತದೆ, ಸರಿಯಾದ ಕ್ಲ್ಯಾಂಪ್ ತರಿಸಿ. ಅಯಸ್ಕಾಂತ 304ಕ್ಕೂ ಕೀಳು ದರ್ಜೆಗೂ ಭೇದ ತೋರಿಸುವುದಿಲ್ಲ, ಆದ್ದರಿಂದ ಮಾರುವವರಿಂದ ದರ್ಜೆಯ ಪ್ರಮಾಣಪತ್ರ ಕೇಳಿ.

ಗ್ರಾನೈಟ್_ಗುಡ್ಡ:
ನಲ್ಗೊಂಡ ವಿಧಾನ ಕೆಲಸ ಮಾಡುತ್ತದೆ, ಹಳ್ಳಿಯಲ್ಲಿ ನಡೆಸಿಕೊಂಡು ಹೋಗುವುದೇ ಕಷ್ಟ. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು, ಪಟಿಕ ಮತ್ತು ಸುಣ್ಣ ಬೇಕು. ಲೀಟರಿಗೆ ನೂರಾರು ಮಿಲಿಗ್ರಾಂ ಪಟಿಕ, ನೀರಿನ ಕ್ಷಾರೀಯತೆ ನೋಡಿ ಪ್ರಮಾಣ, ದಿನವೂ ಕೆಸರು ತೆಗೆಯುವ ಕೆಲಸ. ಪಿ.ಎಚ್. ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಇನ್ನೊಂದು ದಾರಿ, ಫ್ಲೋರೈಡನ್ನು ಹಿಡಿದಿಡುವ ಆ್ಯಕ್ಟಿವೇಟೆಡ್ ಅಲ್ಯುಮಿನಾ ಶೋಧಕ: ಅದು ಪಿ.ಎಚ್. 5.5ರ ಹತ್ತಿರ ಚೆನ್ನಾಗಿ ಹಿಡಿಯುತ್ತದೆ, 7.7ರಲ್ಲಿ ಬೇಗ ದಣಿಯುತ್ತದೆ, ಆಮೇಲೆ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆಯಬೇಕು.

ಒಂದನೇ ಬಾವಿಯ ಫ್ಲೋರೈಡ್, ಆರ್ಸೆನಿಕ್, ಇ.ಕೋಲಿ ಮೂರೂ ಮಿತಿಯೊಳಗಿದ್ದರೆ ಹಣವನ್ನೆಲ್ಲ ಅದರ ಪೈಪಿಗೆ ಹಾಕಿ. ಕುಡಿಯಲು, ಅಡುಗೆಗೆ ಅದು. ಬಟ್ಟೆ, ಸ್ನಾನ, ದನಕರುಗಳಿಗೆ ಎರಡನೆಯದು. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಒಂದನೇ ಬಾವಿಯಲ್ಲಿ ಮೊದಲ ಸರದಿ ಕೊಡಿಸಿ. ಕೆಂಪಿಗೆ ಕಾರಣ ನೆಲವೇ ಎಂದು ತಿಳಿದರೆ ಮರಳು ಶೋಧಕಕ್ಕೆ ಮುಂಚೆ ಸುಣ್ಣಕಲ್ಲಿನ ಜಲ್ಲಿ ಹಾಸಿ ಪಿ.ಎಚ್. ಏಳರ ಮೇಲೆ ಏರಿಸಿ, ಮೇಲಿಂದ ಚಿಮ್ಮಿಸಿ ಗಾಳಿ ತಾಗಿಸಿ. ಪಿ.ಎಚ್. ಒಂದಂಕ ಇಳಿದರೆ ಕಬ್ಬಿಣ ತುಕ್ಕಾಗಿ ಕೂರುವ ವೇಗ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 5.9ರಲ್ಲಿ ಬರೀ ಮರಳು ಕಬ್ಬಿಣವನ್ನು ತಡೆಯದು.