'ಕೀಪ್'ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಕ್ಕಳ ಚಿತ್ರಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ರೋಚೆಸ್ಟರ್ ಕೋಟೆಯ ಕಥೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ತೆನೆ (ಕೋಟೆಗೋಡೆಯ ಮೇಲಂಚಿನ ಹಲ್ಲುಸಾಲು), ಅಗಳು (ಕೋಟೆಯ ಸುತ್ತ ತೋಡಿದ ಹಳ್ಳ), ಹೆಬ್ಬಾಗಿಲು ಎಲ್ಲ ಸಲೀಸಾಗಿ ಕೂತವು. 'ಕೀಪ್' ಮಾತ್ರ ಕೂರುತ್ತಿಲ್ಲ.

ಕೋಟೆಗೋಡೆಯ ಒಳಗೆ ನಿಂತಿರುವ ಚೌಕದ ಕಲ್ಲುಕಟ್ಟಡ ಇದು. ಎತ್ತರ 113 ಅಡಿ. 1127ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ ಈ ಕೋಟೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ವಹಿಸಿಕೊಟ್ಟ. ಕೀಪ್ ಕಟ್ಟಿಸಿದ್ದು ಆ ಆರ್ಚ್‌ಬಿಷಪ್. ನಾನು ಸಿಕ್ಕಿಕೊಂಡಿರುವ ಜಾಗ ಹೀಗಿದೆ:

"1215ರಲ್ಲಿ ಜಾನ್ ದೊರೆಯ ಆಳುಗಳು ಕೀಪ್‌ನ ಒಂದು ಮೂಲೆಯ ಕೆಳಗೆ ಸುರಂಗ ತೋಡಿದರು. ಮರದ ಆಸರೆ ಕೊಟ್ಟು, ಹಂದಿಕೊಬ್ಬು ಸುರಿದು ಬೆಂಕಿಯಿಟ್ಟರು. ಮೂಲೆ ಕುಸಿಯಿತು. ಒಳಗಿದ್ದ ದಂಗೆಕೋರರು ಕೀಪ್‌ನ ನಡುಗೋಡೆಯ ಆಚೆಗೆ ಸರಿದು ಮತ್ತೂ ಕಾದಾಡಿದರು."

ಎಂಟು ವರ್ಷದ ಮಗು ಓದಿದರೆ ತಿಳಿಯಬೇಕು. ಒಂದೇ ಪದ ಸಾಕು.

ನಿವೃತ್ತ ಮೇಷ್ಟ್ರು, ತುಮಕೂರು

ಬುರುಜು. ಎಲ್ಲರಿಗೂ ಗೊತ್ತಿರುವ ಪದ. ಇದಕ್ಕೆ ಚರ್ಚೆ ಬೇಡ.

ಪದಕೋಶದ ಕೆಲಸದವನು, ಶಿವಮೊಗ್ಗ

ಬೇಕು. ಬುರುಜು ಅರಬ್ಬಿಯದು. ಅದಕ್ಕೂ ಹಿಂದೆ ಗ್ರೀಕ್‌ನ 'ಪಿರ್ಗೋಸ್'ವರೆಗೆ ಹೋಗುತ್ತದೆ. ನಮ್ಮದೇ 'ಕೊತ್ತಲ' ಇರುವಾಗ ಅದು ಯಾಕೆ? ಕೋಟೆಕೊತ್ತಲ ಅಂತ ಜೋಡಿಯಾಗಿಯೇ ಹೇಳುತ್ತೇವೆ. ಮೇಡಂ, ನೀವು ಕಂದಕ ಬಿಟ್ಟು ಅಗಳು ಹಾಕಿದ್ದು ಸರಿ. ಅಗೆದದ್ದು ಅಗಳು, ಕಂದಕ ಪಾರಸಿಯಿಂದ ಬಂದದ್ದು. ಆದರೆ ಮುಂದೆಯೇ 'ಸುರಂಗ' ಬರೆದಿದ್ದೀರಿ! ಅದು ಗ್ರೀಕ್‌ನ 'ಸಿರಿಂಕ್ಸ್', ಸಂಸ್ಕೃತದ ದಾರಿಯಲ್ಲಿ ಬಂದದ್ದು. 'ಬಿಲ' ಅನ್ನಿ.

ಇತಿಹಾಸ ಪಾಠ ಮಾಡುವವಳು, ಧಾರವಾಡ

ಇಬ್ಬರದ್ದೂ ಆಗದು. ಬುರುಜಾಗಲಿ ಕೊತ್ತಲವಾಗಲಿ ಕೋಟೆಗೋಡೆಯಿಂದ ಹೊರಗೆ ಚಾಚಿ ನಿಲ್ಲುವ ಭಾಗ. ಕೀಪ್ ಗೋಡೆಯ ಭಾಗವೇ ಅಲ್ಲ, ಅದೊಂದು ಇಡೀ ಕಟ್ಟಡ. ಅದರ ನಾಲ್ಕು ಮೂಲೆಗೂ ಸಣ್ಣ ಬುರುಜುಗಳಿವೆ. ಕೀಪ್‌ಗೇ ಬುರುಜು ಎಂದರೆ, 1215ರಲ್ಲಿ ಕುಸಿದದ್ದು ಇಡೀ ಕಟ್ಟಡವೋ ಮೂಲೆಯೋ ಎಂದು ಮಗು ಕೇಳುತ್ತದೆ. ಈ ಕಥೆಗೆ ಆ ಮೂಲೆಯೇ ಜೀವಾಳ. ನವೆಂಬರ್ 25ರಂದು ಜಾನ್ ನಲವತ್ತು ಹಂದಿ ಕಳಿಸಿ ಎಂದು ಬರೆಸಿದ್ದು ಆ ಮೂಲೆಗಾಗಿ. ಮುಂದೆ ಮೂರನೇ ಹೆನ್ರಿಯ ಕಾಲದಲ್ಲಿ ಅದನ್ನು ಮತ್ತೆ ಕಟ್ಟಿದಾಗ ದುಂಡಗೆ ಕಟ್ಟಿದರು. ಇವತ್ತಿಗೂ ಮೂರು ಮೂಲೆ ಚೌಕ, ಒಂದು ದುಂಡು. ಚಿತ್ರದಲ್ಲಿ ಮಗು ಅದನ್ನು ಗುರುತಿಸಬೇಕು ಅಲ್ವಾ?

ಇನ್ನೊಂದು. ಕೀಪ್ ಎಂದರೆ ವಾಸದ ಜಾಗ. ಕೆಳಗೆ ಉಗ್ರಾಣ, ಮೇಲೆ ದೊಡ್ಡ ಸಭಾಂಗಣ, ಮಲಗುವ ಕೋಣೆಗಳು, ಪೂಜೆಗೆ ಚಾಪೆಲ್. ನಡುಗೋಡೆಯೊಳಗೇ ಬಾವಿಯ ಕೊಳವೆ ಮೇಲಕ್ಕೆ ಹೋಗುತ್ತದೆ. ಪ್ರತಿ ಅಂತಸ್ತಿನಲ್ಲೂ ನೀರು ಸೇದಬಹುದಿತ್ತು. ಅದಕ್ಕೇ ಮೂಲೆ ಬಿದ್ದ ಮೇಲೂ ಒಳಗಿದ್ದವರು ಕೆಲವು ದಿನ ತಡೆದರು. ಕೊನೆಗೆ ಅವರನ್ನು ಸೋಲಿಸಿದ್ದು ಹಸಿವು. ಕುದುರೆಗಳನ್ನೂ ತಿಂದು ಮುಗಿಸಿದ್ದರು. ಹೀಗಾಗಿ 'ಮನೆ' ಎಂಬ ಅರ್ಥ ಪದದಲ್ಲಿ ಬರಲೇಬೇಕು. ಕೋಟೆಮನೆ ಎನ್ನಿ.

ಕೊಪ್ಪಳದಿಂದ

ನಮ್ಮ ಕಡೆ ಊರೊಳಗೆ ಒಂಟಿಯಾಗಿ ನಿಂತ ಎತ್ತರದ ಕಟ್ಟೋಣಕ್ಕೆ ಹುಡೇವು ಅಂತೀವಿ. ಅದನ್ಯಾಕೆ ಬಳಸಬಾರದು?

ಇತಿಹಾಸ ಪಾಠ ಮಾಡುವವಳು, ಧಾರವಾಡ

ಚೆಂದದ ಪದ. ಆದರೆ ಹುಡೇವು ಕಾವಲಿಗೆ, ಸಂಸಾರಕ್ಕಲ್ಲ. ವಿಜಯಪುರದ ಉಪ್ಪಲಿ ಬುರುಜೂ ಹಾಗೇ. ಎತ್ತರ ಇದೆ, ವಾಸ ಇಲ್ಲ.

ಪದಕೋಶದ ಕೆಲಸದವನು, ಶಿವಮೊಗ್ಗ

ಕೋಟೆಮನೆ ಮಲೆನಾಡಿನಲ್ಲಿ ಮನೆತನದ ಹೆಸರು. ಗೊಂದಲ ಆಗುತ್ತದೆ. 'ಹಿರಿಕೊತ್ತಲ' ಹಾಕಿ. ಕನ್ನಡದ್ದನ್ನು ಬಿಟ್ಟು ಬೇರೆಯವರ ಪದ ತರುವ ಚಾಳಿಯಿಂದಲೇ ನಮ್ಮ ಪದಗಳು ಸಾಯುತ್ತಿವೆ.

ನಿವೃತ್ತ ಮೇಷ್ಟ್ರು, ತುಮಕೂರು

ಸುಮ್ನೆ ಅಬ್ಬರ ಯಾಕೆ? ಇಂಗ್ಲಿಷಿನವರನ್ನೇ ನೋಡಿ. ರೋಚೆಸ್ಟರ್‌ನ ಕೊನೆಯ 'ಚೆಸ್ಟರ್' ಲ್ಯಾಟಿನ್‌ನ 'ಕಾಸ್ಟ್ರ', ಎಂದರೆ ದಂಡಿನ ಪಾಳೆಯ. 'ಕ್ಯಾಸಲ್' ಹುಟ್ಟಿದ್ದೂ ಅದರ ಸಂಬಂಧದ 'ಕಾಸ್ಟೆಲುಮ್'ನಿಂದ, ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಜೊತೆ ಬಂತು. ಒಂದೇ ಹೆಸರಿನಲ್ಲಿ ಎರಡು ಸಲ ಕಡ. ಅವರ ಭಾಷೆ ಸತ್ತಿತೇ? ಕೀಪ್ ಎಂಬ ಪದವೂ ಆ ಕಾಲದ್ದಲ್ಲ. ಕಟ್ಟಿದವರು ಲ್ಯಾಟಿನ್‌ನಲ್ಲಿ 'ತುರ್ರಿಸ್' ಎಂದರು, ಗೋಪುರ ಅಷ್ಟೆ. ಫ್ರೆಂಚಿನಲ್ಲಿ 'ಡಾಂಜಾನ್', ಒಡೆಯನ ಗೋಪುರ. ಅದೇ ಪದ ಇಂಗ್ಲಿಷಿನಲ್ಲಿ ಜಾರಿ ಜಾರಿ 'ಡಂಜನ್' ಆಗಿ ನೆಲಮಾಳಿಗೆಯ ಸೆರೆಮನೆ ಆಯಿತು. ಕೀಪ್ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ.

ಪದಕೋಶದ ಕೆಲಸದವನು, ಶಿವಮೊಗ್ಗ

ಅವರ ಮೇಲೆ ಗೆದ್ದವರು ಹೇರಿದ್ದು ಅದು. ಅದನ್ನು ಮಾದರಿ ಅನ್ನುತ್ತೀರಾ? ನನಗೆ ಒಪ್ಪಿಗೆಯಿಲ್ಲ.

ಅನುವಾದಕಿ, ಮೈಸೂರು

ಎಲ್ಲರಿಗೂ ಧನ್ಯವಾದ. ಇಡೀ ಕಟ್ಟಡಕ್ಕೆ ಕೋಟೆಮನೆ, ಮೂಲೆಗಳಿಗೆ ಬುರುಜು ಎಂದು ಹಾಕಿದ್ದೇನೆ. ಮನೆತನದ ಹೆಸರು ಇದ್ದರೂ ಚಿತ್ರ ಪಕ್ಕದಲ್ಲೇ ಇರುವುದರಿಂದ ಮಗು ತಪ್ಪು ತಿಳಿಯುವುದಿಲ್ಲ. ಸುರಂಗ ಹಾಗೇ ಇರುತ್ತದೆ. ಬಿಲ ಎಂದರೆ ಮಕ್ಕಳಿಗೆ ಇಲಿ, ಹಾವು ನೆನಪಾಗುತ್ತದೆ.

ಪದಕೋಶದ ಕೆಲಸದವನು, ಶಿವಮೊಗ್ಗ

ಬಿಲ ಬೇಡವಾದರೆ 'ನೆಲದಡಿ ದಾರಿ' ಎನ್ನಬಹುದಿತ್ತು. ಮತ್ತೆ ಆರ್ಚ್‌ಬಿಷಪ್‌ಗೆ ಏನು ಮಾಡಿದಿರಿ?