ಪ್ರಶ್ನೋತ್ತರ: ಸಾವಿರ ಗ್ರಹ ಕೊಟ್ಟರೂ ಬೋರ್ ಯಾಕೆ?

ಪ್ರಶ್ನೆ: ಅಕ್ಕಾ, ನೀವು ಗೇಮ್ ಟೆಸ್ಟಿಂಗ್ ಕೆಲಸದಲ್ಲಿದ್ದೀರಿ, ಮನೆಯಲ್ಲೂ ಆಡುತ್ತೀರಿ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಮೂರು ತಿಂಗಳು ದುಡ್ಡು ಕೂಡಿಟ್ಟು ಒಂದು ಬಾಹ್ಯಾಕಾಶದ ಗೇಮ್ ತೆಗೆದುಕೊಂಡೆ. ಹೆಸರು ಬೇಡ ಬಿಡಿ. ಹ್ಯಾಂಗ್ ಆಗಲಿಲ್ಲ, ಬಗ್ ಕಾಣಲಿಲ್ಲ, ನೋಡಲೂ ಚೆಂದ. ಆದರೂ 20 ಗಂಟೆ ಆಡುವಷ್ಟರಲ್ಲಿ ಸಾಕಾಯಿತು. ತಪ್ಪು ನನ್ನದಾ, ಗೇಮಿಂದಾ?

ಉತ್ತರ: ನಿಮ್ಮದಂತೂ ಅಲ್ಲ. ಹೆಸರನ್ನು ನಾನೂ ಕೆದಕುವುದಿಲ್ಲ. ನಮ್ಮ ಕೆಲಸದ ಒಂದು ಕಷ್ಟ ಹೇಳುತ್ತೇನೆ ಕೇಳಿ. ಗೇಮಿನಲ್ಲಿ ಬಾಗಿಲಿನೊಳಗೆ ಕಾಲು ಸಿಕ್ಕಿಕೊಂಡರೆ ಬಗ್ ಎಂದು ಬರೆಯಬಹುದು. ಎಲ್ಲಿ ಆಯಿತು, ಎಷ್ಟು ಸಲ ಆಯಿತು ಎಂದು ವಿಡಿಯೊ ಸಮೇತ ಕಳಿಸಿದರೆ ಯಾರೋ ಒಬ್ಬರು ಸರಿ ಮಾಡುತ್ತಾರೆ. "ಬೋರ್ ಹೊಡೆಯುತ್ತಿದೆ" ಎಂದು ಬರೆಯಲು ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಬರೆದರೂ ಯಾವ ಪ್ರೋಗ್ರಾಮರ್ ಹತ್ತಿರ ಕಳಿಸುವುದು?

ಸೈನ್ಸ್ ಫಿಕ್ಷನ್ ಗೇಮ್‌ಗಳಿಗೆ ಈ ರೋಗ ಜಾಸ್ತಿ. ಅವು ಲೆಕ್ಕ ತೋರಿಸಿ ಆಸೆ ಹುಟ್ಟಿಸುತ್ತವೆ. ನೋ ಮ್ಯಾನ್ಸ್ ಸ್ಕೈ 2016ರ ಆಗಸ್ಟ್‌ನಲ್ಲಿ ಬಂತು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಒಂದು ಪುಟ್ಟ ತಂಡದ ಗೇಮ್. ಗ್ರಹಗಳ ಲೆಕ್ಕ ಮಾತ್ರ 18ರ ಮುಂದೆ 18 ಸೊನ್ನೆ ಹಾಕಿದರೂ ಅದಕ್ಕಿಂತ ಹೆಚ್ಚು. ಯಾರೂ ಕೂತು ಒಂದೊಂದನ್ನೇ ಮಾಡಿದ್ದಲ್ಲ. ಸೂತ್ರ ಕೊಟ್ಟಿರುತ್ತಾರೆ, ನೀವು ಹತ್ತಿರ ಹೋದಾಗ ಕಂಪ್ಯೂಟರ್ ಗ್ರಹವನ್ನು ಹುಟ್ಟಿಸುತ್ತದೆ. ಅದು ದೊಡ್ಡ ಕೆಲಸವೇ, ನಾನು ಇವತ್ತಿಗೂ ಟೋಪಿ ತೆಗೆಯುತ್ತೇನೆ. ಆದರೆ ಹತ್ತನೇ ಗ್ರಹದಲ್ಲಿ ಇಳಿದಾಗ ಗುಟ್ಟು ಗೊತ್ತಾಗಿಬಿಡುತ್ತಿತ್ತು. ಅವೇ ಚುಕ್ಕಿ, ಅವೇ ಎಳೆ, ರಂಗೋಲಿ ಪುಡಿಯ ಬಣ್ಣ ಮಾತ್ರ ಬೇರೆ.

ಸ್ಟಾರ್‌ಫೀಲ್ಡ್ 2023ರ ಸೆಪ್ಟೆಂಬರ್‌ನಲ್ಲಿ ಬಂದಾಗ 1000ಕ್ಕೂ ಹೆಚ್ಚು ಗ್ರಹ ಎಂದರು. ಅದರಲ್ಲಿ ನೌಕೆ ಕಟ್ಟುವ ಭಾಗ ನನಗೆ ತುಂಬಾ ಇಷ್ಟ, ರಾತ್ರಿಯೆಲ್ಲ ಕೂತಿದ್ದೇನೆ. ಕಟ್ಟಿದ ಮೇಲೆ ಏನು? ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗಲು ಮೆನು ತೆಗೆದು ಒತ್ತಬೇಕು, ಲೋಡಿಂಗ್ ಪರದೆ ನೋಡಬೇಕು. ಇಳಿದರೆ ಹೋದ ಗ್ರಹದಲ್ಲಿ ನೋಡಿದ್ದ ಅದೇ ಕಟ್ಟಡ. ಅದೇ ಕೋಣೆ, ಅದೇ ಜಾಗದಲ್ಲಿ ಅದೇ ಚೀಟಿ. ಖಾಲಿ ಗ್ರಹವಾದರೆ ನನ್ನದೇನೂ ತಕರಾರಿಲ್ಲ, ಚಂದ್ರನೂ ಖಾಲಿಯೇ. ಸತ್ತವನು ಬರೆದಿಟ್ಟ ಚೀಟಿ ಎರಡು ಕಡೆ ಸಿಕ್ಕರೆ ಮಾತ್ರ ನಂಬಿಕೆ ಹೋಗುತ್ತದೆ.

ಇನ್ನೊಬ್ಬ ಸದಸ್ಯರು: ನೋ ಮ್ಯಾನ್ಸ್ ಸ್ಕೈ ಈಗ ಸರಿಯಾಗಿದೆ ಮೇಡಂ. ಹಳೇ ಕಥೆ ಯಾಕೆ?

ಉತ್ತರ: ಒಪ್ಪುತ್ತೇನೆ. 2018ರ ಜುಲೈ ಅಪ್‌ಡೇಟ್‌ನಲ್ಲಿ ಗೆಳೆಯರ ಜೊತೆ ಸರಿಯಾಗಿ ಆಡುವ ವ್ಯವಸ್ಥೆ ಬಂತು. ಆಮೇಲೂ ವರ್ಷಾನುಗಟ್ಟಲೆ ಅಪ್‌ಡೇಟ್‌ಗಳನ್ನು ಪುಕ್ಕಟೆ ಕೊಡುತ್ತಾ ಬಂದಿದ್ದಾರೆ. ಅಡಿಪಾಯ ಗಟ್ಟಿ ಇತ್ತು, ಮೇಲೆ ಕಟ್ಟಲು ಆಯಿತು.

ಮತ್ತೊಬ್ಬರು: ಬಗ್ ಹಿಡಿಯುವವರು ನೀವೇ ಅಲ್ವಾ? ಹಾಗಾದರೆ ಸೈಬರ್‌ಪಂಕ್ 2077 ಆ ಸ್ಥಿತಿಯಲ್ಲಿ ಹೇಗೆ ಹೊರಗೆ ಬಂತು?

ಉತ್ತರ: ಈ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಂಡಿದ್ದೆ! 2020ರ ಡಿಸೆಂಬರ್ 10ಕ್ಕೆ ಬಿಡುಗಡೆ. ಹಳೇ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ) ಎಷ್ಟು ಕೆಟ್ಟದಾಗಿತ್ತೆಂದರೆ ಸುಮಾರು ಒಂದು ವಾರದಲ್ಲೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. ಮರುತಿಂಗಳು ಗೇಮ್ ಮಾಡಿದ ಕಂಪನಿಯ ದೊಡ್ಡವರು ವಿಡಿಯೊ ಮಾಡಿ, ನಮ್ಮ ಟೆಸ್ಟಿಂಗ್‌ನಲ್ಲಿ ಈ ತೊಂದರೆಗಳಲ್ಲಿ ಬಹಳಷ್ಟು ಕಾಣಲೇ ಇಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ನನಗೆ ಮೈ ಉರಿಯಿತು. ಅವರ ಆಫೀಸಿನೊಳಗೆ ನಾನು ಇರಲಿಲ್ಲ ನಿಜ. ಆದರೆ ಟೆಸ್ಟರ್ ಬಗ್ ಹುಡುಕುತ್ತಾನೆ, ಬಿಡುಗಡೆಯ ದಿನ ಗೊತ್ತು ಮಾಡುವವನು ಅವನಲ್ಲ. ಗೇಮ್ ವಿಷಯಕ್ಕೆ ಬಂದರೆ, 2023ರ 2.0 ಅಪ್‌ಡೇಟ್ ಆದ ಮೇಲೆ ನಾನು ಮತ್ತೆ ಮೊದಲಿಂದ ಆಡಿದೆ. ಆ ಊರು, ಆ ಜನ, ಆ ಕಥೆ ಮೊದಲೂ ಚೆನ್ನಾಗಿಯೇ ಇದ್ದವು, ಬಗ್ಗುಗಳ ಅಡಿಯಲ್ಲಿ ಹೂತುಹೋಗಿದ್ದವು ಅಷ್ಟೇ.

ಬಗ್ ಮಾತು ಬಂತಲ್ಲ, ಇದೊಂದು ಕೇಳಿ. 2013ರ ಏಲಿಯನ್ಸ್: ಕಲೋನಿಯಲ್ ಮರೀನ್ಸ್‌ನಲ್ಲಿ ಏಲಿಯನ್‌ಗಳು ಪೆದ್ದು ಪೆದ್ದಾಗಿ ನೇರ ಬಂದೂಕಿಗೆ ಎದುರಾಗಿ ಓಡಿಬರುತ್ತಿದ್ದವು. ವರ್ಷಗಳ ಮೇಲೆ ಒಬ್ಬ ಆಟಗಾರ ಸೆಟ್ಟಿಂಗ್ಸ್ ಫೈಲ್ ತೆರೆದು ನೋಡಿದರೆ, "ಟೆದರ್" (tether) ಎಂಬ ಪದದ ಸ್ಪೆಲ್ಲಿಂಗ್‌ನಲ್ಲಿ ಒಂದು "ಎ" (a) ಜಾಸ್ತಿ ಇತ್ತು! ಅದನ್ನು ತೆಗೆದರೆ ಏಲಿಯನ್‌ಗಳು ಸುತ್ತು ಬಳಸಿ ಬಂದು ದಾಳಿ ಮಾಡತೊಡಗಿದವು. ಗೇಮ್ ಒಳ್ಳೆಯದಾಯಿತು ಅಂತ ಹೇಳುತ್ತಿಲ್ಲ, ಕಥೆ ಅಷ್ಟಕ್ಕಷ್ಟೇ. ಆದರೆ ಈ ವಿಷಯ ಓದಿದ ದಿನ ನಾನು ಊಟ ಬಿಟ್ಟು ನಕ್ಕಿದ್ದೇನೆ. ಆಮೇಲೆ ಹೆದರಿಕೆಯೂ ಆಯಿತು, ನಾನು ನೋಡದೆ ಬಿಟ್ಟ "ಎ" ಎಷ್ಟಿದ್ದಾವೋ.

ಪ್ರಶ್ನೆ: ಎಲ್ಲಕ್ಕಿಂತ ಜಾಸ್ತಿ ಬೇಜಾರು ಮಾಡಿದ್ದು ಯಾವುದು ಅಕ್ಕಾ?

ಉತ್ತರ: ಆಂಥೆಮ್. 2019ರ ಫೆಬ್ರವರಿ. ಲೋಹದ ಕವಚ ತೊಟ್ಟು ಹಾರುವುದಿದೆಯಲ್ಲ, ಅಷ್ಟು ಚೆಂದದ ಹಾರಾಟ ನಾನು ಬೇರೆಲ್ಲೂ ಕಂಡಿಲ್ಲ. ಜಾಸ್ತಿ ಹೊತ್ತು ಹಾರಿದರೆ ಕವಚ ಕಾದುಬಿಡುತ್ತಿತ್ತು. ಆಗ ಜಲಪಾತದೊಳಗೆ ನುಗ್ಗಿ ತಣಿಸಿಕೊಂಡು ಮತ್ತೆ ಮೇಲೇರಬೇಕಿತ್ತು. ಇದನ್ನು ಯೋಚಿಸಿದವರ ಕೈಗೆ ಮುತ್ತು ಕೊಡಬೇಕು ಅನ್ನಿಸಿತ್ತು. ಹಾರಿ ಇಳಿದ ಮೇಲೆ ಮಾಡಲು ಮಾತ್ರ ಏನೂ ಇರಲಿಲ್ಲ. ಅವೇ ನಾಲ್ಕು ಕೆಲಸ, ಗುಂಡು ಹೊಡೆ, ಬಂದೂಕು ಹೆಕ್ಕು. ತಿದ್ದುತ್ತೇವೆ ಎಂದು ಹೊರಟವರು 2021ರಲ್ಲಿ ಕೈಬಿಟ್ಟರು. ಕೊನೆಗೆ ಸರ್ವರ್ ನಿಲ್ಲಿಸಲು 2026ರ ಜನವರಿ 12 ಎಂದು ದಿನ ಗೊತ್ತು ಮಾಡಿದರು. ಆನ್‌ಲೈನ್ ಇಲ್ಲದೆ ಆಡಲಾಗದ ಗೇಮ್ ಅದು. ಡಿಸ್ಕ್ ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪ್ರಶ್ನೆ: ಮತ್ತೆ ದುಡ್ಡು ಹಾಳು ಮಾಡಿಕೊಳ್ಳದ ಹಾಗೆ ಏನು ಮಾಡಲಿ?

ಉತ್ತರ: ಮುಂಗಡ ಕೊಡಬೇಡಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತೆಗೆದುಕೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಬೇಜಾರು 20ನೇ ಗಂಟೆಗೆ ಬಂದದ್ದು, ಅದಕ್ಕೆ ಈ ಉಪಾಯ ನಡೆಯದು. ಹಾಗಾಗಿ ಟ್ರೇಲರ್ ಬಿಡಿ. ಯಾರಾದರೂ ಏನೂ ಮಾತಾಡದೆ ಸುಮ್ನೆ ಆಡಿರುವ ಅರ್ಧ ಗಂಟೆಯ ವಿಡಿಯೊ ನೋಡಿ, ಅದೂ ಗೇಮಿನ ನಡುಭಾಗದ್ದು.

ಔಟರ್ ವೈಲ್ಡ್ಸ್ ಆಡಿದ್ದೀರಾ? 2019ರದ್ದು. ಒಂದೇ ಒಂದು ಸೌರಮಂಡಲ, ಬೆರಳೆಣಿಕೆಯ ಗ್ರಹಗಳು. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮತ್ತೆ ಮೊದಲಿಂದ. ಇಷ್ಟಕ್ಕಿಂತ ಹೆಚ್ಚು ಹೇಳಿದರೆ ಕೆಡುತ್ತದೆ.

ಪ್ರಶ್ನೆ ಕೇಳಿದವರು: ಸೇಲ್ ಬಂದಾಗ ತೆಗೆದುಕೊಳ್ಳುತ್ತೇನೆ ಅಕ್ಕಾ. ನಡುಭಾಗದ ವಿಡಿಯೊ ನೋಡಲಾ?

ಉತ್ತರ: ಅಯ್ಯೋ, ಇದೊಂದಕ್ಕೆ ಮಾತ್ರ ನೋಡಬೇಡಿ!